ಮೊದಲು ಒಡ್ಡಿ, ಆಮೇಲೆ ಕೋಳಿ

ಆರು ಮರಿ. ಮೂರು ಗುಲಾಬಿ, ಎರಡು ಹಸಿರು, ಒಂದು ನೇರಳೆ. 2024ರ ಜನವರಿಯಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೋದಾಗ ಮಗಳು ಹಟ ಹಿಡಿದು ತೆಗೆಸಿಕೊಂಡಳು. ಒಂದಕ್ಕೆ ಹತ್ತು ರೂಪಾಯಿ. ಮಾರುವವನು ತೂತು ಕೊರೆದ ರಟ್ಟಿನ ಡಬ್ಬಿಗೆ ಹಾಕಿ, ಸುತ್ತ ಸುತಳಿ ದಾರ ಬಿಗಿದು ಕೊಟ್ಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿಂವ್ ಚಿಂವ್. ನಮ್ಮ ಮನೆಯ ಕೋಳಿ ಸಾಕಣೆ ಶುರುವಾಗಿದ್ದು ಹೀಗೆ. ಯೋಚನೆ ಇಲ್ಲ, ಲೆಕ್ಕ ಇಲ್ಲ, ಒಡ್ಡಿ, ಅಂದರೆ ಕೋಳಿ ಕೂಡುವ ಗೂಡು, ಅದಂತೂ ಇಲ್ಲವೇ ಇಲ್ಲ.

ಐದು ದಿನದಲ್ಲಿ ನಾಲ್ಕು ಸತ್ತವು. ಮಲೆನಾಡಿನ ಜನವರಿ ಚಳಿ ಗೊತ್ತಲ್ಲ. ಅಡುಗೆಮನೆಯ ಮೂಲೆಯಲ್ಲಿ ಡಬ್ಬಿ ಇಟ್ಟು, ಒಳಗೆ ಹಳೇ ಬನಿಯನ್ ಹಾಸಿದ್ದೆ. ನಮಗೆ ಚಳಿಯಾದರೆ ಹೊದ್ದುಕೊಳ್ಳುತ್ತೇವೆ, ಮರಿಗೂ ಅಷ್ಟೇ ಸಾಕು ಅಂದುಕೊಂಡಿದ್ದೆ. ಮರಿಯ ಮೈಮೇಲಿನ ಆ ನವಿರು ತುಪ್ಪಳ ನೋಡಲು ಚಂದ, ಶಾಖ ಹಿಡಿದಿಡುವ ಕೆಲಸಕ್ಕೆ ಸಾಲದು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಬಿಸಿ ಬೇಕು. ತಾಯಿಯ ಹೊಟ್ಟೆಯಡಿ ಇರುವ ಬಿಸಿ ಅದು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಮಗಳು ಒಂದೊಂದಕ್ಕೂ ದಾಸವಾಳದ ಬುಡದಲ್ಲಿ ಗುಂಡಿ ತೋಡಿ, ಹೂವಿಟ್ಟು ಮಣ್ಣು ಮುಚ್ಚಿದಳು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ಉಳಿದ ಎರಡಕ್ಕೆ ಬಣ್ಣ ಹೋಗಿ ಬಿಳಿ ಪುಕ್ಕ ಬಂತು. ಎರಡೂ ಹುಂಜ. ಇದೇನೂ ನಮ್ಮ ದುರದೃಷ್ಟ ಅಲ್ಲ. ಮೊಟ್ಟೆ ಕೋಳಿಗಳ ಹ್ಯಾಚರಿಗಳಲ್ಲಿ ಮರಿ ಒಡೆದ ದಿನವೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಹೆಣ್ಣು ಫಾರಂಗೆ ಹೋಗುತ್ತದೆ. ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ಹಾಗೆ ಬೇಗ ಮೈಯೂ ತುಂಬುವುದಿಲ್ಲ. ಬೇಡವಾದ ಆ ಗಂಡು ಮರಿಗಳೇ ಬಣ್ಣ ಬಳಿಸಿಕೊಂಡು ಜಾತ್ರೆಗೆ ಬರುವುದು. ಎರಡರಲ್ಲಿ ಒಂದನ್ನು ಮಾರ್ಚ್‌ನಲ್ಲಿ ಬೀದಿನಾಯಿ ಹಿಡಿಯಿತು. ಇನ್ನೊಂದು ಇವತ್ತಿಗೂ ಇದೆ. ಮರಿಯಿದ್ದಾಗ ಗುಲಾಬಿ ಬಣ್ಣ ಇತ್ತಲ್ಲ, ಮಗಳು ಪಿಂಕಿ ಅಂತ ಹೆಸರಿಟ್ಟಿದ್ದಳು. ಈಗ ಅದು ಹಾಲಿನಂಥ ಬಿಳಿ ಮೈ, ಕೆಂಪು ಜುಟ್ಟಿನ ದೊಡ್ಡ ಹುಂಜ. ಬೆಳಗಿನ ಜಾವ ಮೂರೂವರೆಗೆ ಕೂಗುತ್ತದೆ. ಹೆಸರು ಮಾತ್ರ ಪಿಂಕಿಯೇ.

ನಮ್ಮತ್ತೆಗೆ ಕೋಳಿ ಹೊಸದಲ್ಲ. ಅವರ ಕಾಲದಲ್ಲಿ ಹಗಲೆಲ್ಲ ಕೋಳಿ ತೋಟದಲ್ಲಿ, ರಾತ್ರಿ ಜಗುಲಿಯಲ್ಲಿ ಬಿದಿರಿನ ಬುಟ್ಟಿ ಕವುಚಿ ಮೇಲೊಂದು ಕಲ್ಲು. “ಹತ್ತು ಸಾಕಿದ್ರೆ ನಾಕು ನಮಗೆ, ಆರು ಕಾಡಿಗೆ” ಅನ್ನುತ್ತಾರೆ. ಅವರಿಗೆ ಅದರಲ್ಲಿ ಬೇಸರವೇನೂ ಇಲ್ಲ. ತೆರಿಗೆ ಕಟ್ಟಿದ ಹಾಗೆ. ನನಗೆ ಮಾತ್ರ ಆ ಲೆಕ್ಕ ಒಗ್ಗಲಿಲ್ಲ. ದಾಸವಾಳದ ಬುಡದಲ್ಲಿ ಇನ್ನು ಜಾಗವೂ ಇರಲಿಲ್ಲ ಅನ್ನಿ.

ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಲು ಹೋದೆ. ಒಳ್ಳೇ ಮರಿ ಎಲ್ಲಿ ಸಿಗುತ್ತೆ ಸಾರ್ ಅಂದೆ. ಅವರು ನಕ್ಕರು. “ಎಲ್ಲರೂ ಮರಿ ಎಲ್ಲಿ ಸಿಗುತ್ತೆ ಅಂತಲೇ ಕೇಳ್ತಾರೆ. ರಾತ್ರಿ ಎಲ್ಲಿ ಮಲಗಿಸ್ತೀರಿ ಅಂತ ನಾನು ಕೇಳಿದ್ರೆ ಯಾರೂ ಮಾತಾಡಲ್ಲ. ಮೊದಲು ಒಡ್ಡಿ ಕಟ್ಟಿ. ಆಮೇಲೆ ಫೋನ್ ಮಾಡಿ.”

ಹಾಗಾಗಿ ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಒಡ್ಡಿಗೇ ಹೋಯಿತು. ನಾನು ಹಳ್ಳಿಯ ಅಂಚೆ ಕಚೇರಿ ನೋಡಿಕೊಳ್ಳುವವಳು. ಮಧ್ಯಾಹ್ನದ ಮೇಲೆ ಕೈಗೆ ಸ್ವಲ್ಪ ಬಿಡುವು. ಇವರಿಗೆ ಅಡಿಕೆ ಕೊಯ್ಲು ಮುಗಿದಿತ್ತು. ಊರಿನ ಬಡಗಿಯೊಬ್ಬರು ಮೂರು ದಿನ ಬಂದರು. ಉಳಿದದ್ದೆಲ್ಲ ನಮ್ಮದೇ ಕೈಕೆಲಸ.

ಎಷ್ಟು ದೊಡ್ಡದು ಬೇಕು ಅನ್ನುವುದೇ ಮೊದಲ ಜಗಳ. ಇವರು ನಾಲ್ಕಡಿ ಸಾಕು ಅಂದರು. ಬೆಳೆದ ಕೋಳಿ ಒಂದಕ್ಕೆ ರಾತ್ರಿ ಮಲಗಲು ಎರಡು ಚದರಡಿಯಾದರೂ ಬೇಕು ಅಂತ ಡಾಕ್ಟರ್ ಹೇಳಿದ್ದರು. ಇಪ್ಪತ್ತು ಕೋಳಿ ಅಂದರೆ ನಲವತ್ತು ಚದರಡಿ. ಎಂಟಡಿ ಉದ್ದ, ಐದಡಿ ಅಗಲ ಅಂತ ತೀರ್ಮಾನವಾಯಿತು. ಇದು ರಾತ್ರಿಯ ಲೆಕ್ಕ, ನೆನಪಿರಲಿ. ನಮ್ಮ ಕೋಳಿಗಳು ಹಗಲು ಹೊರಗೇ ಇರುತ್ತವೆ. ಹಗಲೂ ಕೂಡಿಹಾಕುವವರು ಇನ್ನೂ ಜಾಸ್ತಿ ಜಾಗ ಕೊಡಬೇಕು. ಇಲ್ಲದಿದ್ದರೆ ಒಂದರ ಪುಕ್ಕ ಒಂದು ಕಿತ್ತು, ರಕ್ತ ಬರುವ ತನಕ ಕುಕ್ಕುತ್ತವೆ.

ಎರಡನೇ ಜಗಳ ದಿಕ್ಕಿನದು. ಪೂರ್ವ ಪಶ್ಚಿಮಕ್ಕೆ ಉದ್ದವಾಗಿ ಕಟ್ಟಬೇಕು, ಆಗ ಬಿಸಿಲು ನೇರ ಒಳಗೆ ಬೀಳುವುದಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು. ಬಯಲುಸೀಮೆಗೆ ಅದು ಸರಿ. ನಮ್ಮಲ್ಲಿ ಬಿಸಿಲಿಗಿಂತ ಮಳೆಯದ್ದೇ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಮಳೆ ನೈಋತ್ಯದಿಂದ ಅಡ್ಡಡ್ಡ ಹೊಡೆಯುತ್ತದೆ. ಉದ್ದದ ಗೋಡೆ ದಕ್ಷಿಣಕ್ಕೆ ಬಂದರೆ ಅರ್ಧ ಮಳೆ ಒಳಗೇ. ಕೊನೆಗೆ ಪಶ್ಚಿಮದ ಕಿರಿಗೋಡೆಗೆ ಪೂರ್ತಿ ಹಲಗೆ ಹೊಡೆಸಿದೆವು. ದಕ್ಷಿಣಕ್ಕೆ ಬಲೆ ಬಿಟ್ಟು, ಮಳೆಗಾಲದಲ್ಲಿ ಮಾತ್ರ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಅಂತಾಯಿತು. ಉತ್ತರ, ಪೂರ್ವ ಬರೀ ಬಲೆ. ಮಾಡಿನ ಅಂಚು ಮೂರಡಿ ಹೊರಕ್ಕೆ ಚಾಚಿದೆ. ನೋಡಿದವರು ಕೋಳಿಗೆ ಇಷ್ಟು ದೊಡ್ಡ ಛತ್ರಿಯಾ ಅಂತ ನಗುತ್ತಿದ್ದರು. ಜುಲೈನಲ್ಲಿ ಯಾರೂ ನಗಲಿಲ್ಲ.

ಮಾಡಿಗೆ ಹಳೇ ಕೊಟ್ಟಿಗೆಯಿಂದ ಇಳಿಸಿದ್ದ ಮಂಗಳೂರು ಹೆಂಚು. ತಗಡು ಅಗ್ಗ, ಆದರೆ ಏಪ್ರಿಲ್ ಬಿಸಿಲಿಗೆ ಕಾವಲಿಯಾಗುತ್ತದೆ, ಮಳೆಗೆ ಡೋಲು ಬಡಿದ ಹಾಗೆ ಸದ್ದು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಕೋಳಿ ಉಸಿರಿನಲ್ಲಿ, ಹಿಕ್ಕೆಯಲ್ಲಿ ತುಂಬಾ ನೀರು ಹೊರಬಿಡುತ್ತದೆ. ಆ ಹಸಿ ಗಾಳಿ ಮೇಲಿನಿಂದ ಹೋಗಲು ದಾರಿ ಬೇಕು. ಚಳಿ ಅಂತ ಒಡ್ಡಿಯನ್ನು ಡಬ್ಬಿಯ ಹಾಗೆ ಮುಚ್ಚಿದರೆ ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯುವ ವಾಸನೆ ಬರುತ್ತದೆ. ನಮ್ಮ ಕಣ್ಣು ಉರಿದರೆ ಅವುಗಳ ಗಂಟಲು ಏನಾಗಬೇಡ?

ನೆಲದ ವಿಷಯದಲ್ಲಿ ನಾನು ಪಕ್ಕಾ ಮಲೆನಾಡಿನವಳು. ನೆಲದ ಮೇಲೆ ಭತ್ತದ ಹೊಟ್ಟು ಹಾಸಿ ಸಾಕುವುದು ಒಣ ಸೀಮೆಯಲ್ಲಿ ಸುಲಭ. ಇಲ್ಲಿ ಹೊಟ್ಟು ಎರಡೇ ದಿನಕ್ಕೆ ತೇವ ಎಳೆದು ಹೆಂಟೆ ಕಟ್ಟುತ್ತದೆ. ಅದಕ್ಕೇ ನಾಲ್ಕು ಕಲ್ಲುಕಂಬ ನಿಲ್ಲಿಸಿ, ನೆಲದಿಂದ ಮೂರಡಿ ಎತ್ತರದಲ್ಲಿ ಅಡಿಕೆ ದಬ್ಬೆಯ ಅಟ್ಟ ಕಟ್ಟಿಸಿದೆವು. ದಬ್ಬೆಗೂ ದಬ್ಬೆಗೂ ನಡುವೆ ಒಂದು ಬೆರಳಿನ ಸಂದು. ಹಿಕ್ಕೆ ಕೆಳಗೆ ಬೀಳಬೇಕು, ಕಾಲು ಸಿಕ್ಕಿಹಾಕಿಕೊಳ್ಳಬಾರದು. ದಬ್ಬೆಯ ಸಿಬಿರನ್ನು ಕತ್ತಿಯಿಂದ ಹೆರೆದು ನುಣ್ಣಗೆ ಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಇದನ್ನು ಬಿಡಬೇಡಿ. ಸಿಬಿರು ಚುಚ್ಚಿದರೆ ಪಾದದಡಿ ಗಂಟು ಕಟ್ಟಿ ಕೀವಾಗುತ್ತದೆ, ಕೋಳಿ ಕುಂಟಲು ಶುರುಮಾಡುತ್ತದೆ. ಕೆಳಗೆ ಬಿದ್ದ ಹಿಕ್ಕೆ ವಾರಕ್ಕೊಮ್ಮೆ ಗುದ್ದಲಿಯಲ್ಲಿ ಎಳೆದು ಗೊಬ್ಬರದ ಗುಂಡಿಗೆ. ಹಸಿಯದನ್ನೇ ಗಿಡಕ್ಕೆ ಹಾಕಬಾರದು, ಬೇರು ಸುಡುತ್ತದೆ. ನನ್ನ ಒಂದು ಮಲ್ಲಿಗೆ ಗಿಡ ಹಾಗೇ ಹೋಯಿತು.

ಕೂರಲು ಅಡ್ಡಕ್ಕೆ ಎರಡು ಗಳ. ಕೈಮುಷ್ಟಿಗೆ ಸಿಗುವಷ್ಟು ದಪ್ಪ, ಒಂದೊಂದು ಕೋಳಿಗೆ ಒಂದು ಗೇಣು ಜಾಗ. ಮೊಟ್ಟೆಯ ಗೂಡುಗಳು ಈ ಗಳಕ್ಕಿಂತ ಕೆಳಗೇ ಇರಬೇಕು. ಕೋಳಿ ರಾತ್ರಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕುತ್ತದೆ. ಗೂಡು ಮೇಲಿದ್ದರೆ ಅದರಲ್ಲೇ ಮಲಗಿ, ಅದರಲ್ಲೇ ಹೇತು, ಮೊಟ್ಟೆಯೆಲ್ಲ ಗಲೀಜು. ನಾವು ಮೊದಲು ತಪ್ಪು ಮಾಡಿ, ಆಮೇಲೆ ಇಳಿಸಿದೆವು.

ಮರಿ ಯಾವ ತಳಿಯದು ಅನ್ನುವ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆಗೆ ನಾಟಿಯೇ ಬೇಕು. ನಾಟಿ ಹೇಂಟೆ ಗಟ್ಟಿ, ಕಾವು ಕೂರುತ್ತದೆ, ಮರಿ ಸಾಕುತ್ತದೆ. ಆದರೆ ವರ್ಷಕ್ಕೆ ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ ಗೊತ್ತಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಕೆಳಗಿದ್ದಾಗ ಅಲ್ಲಿ ಹುಟ್ಟಿದ ತಳಿ. ಮೈ ದೊಡ್ಡದು, ಮಾಂಸಕ್ಕೆ ಒಳ್ಳೆಯದು. ಆಮೇಲೆ ಅಲ್ಲಿಂದಲೇ ಸ್ವರ್ಣಧಾರ ಬಂತು. ಇದು ವರ್ಷಕ್ಕೆ ಸುಮಾರು 180 ಮೊಟ್ಟೆ ಇಡುತ್ತದೆ, ಗಿರಿರಾಜಕ್ಕಿಂತ ಮೈ ಚಿಕ್ಕದು. ಮೈ ಚಿಕ್ಕದಾದ್ದರಿಂದ ಕಾಡುಬೆಕ್ಕು ಬಂದರೆ ಓಡಿ ತಪ್ಪಿಸಿಕೊಳ್ಳುತ್ತದೆ ಅಂದರು ಡಾಕ್ಟರ್. ನಮ್ಮ ಮನೆ ಹಿಂದೆಯೇ ಕಾಡು. ಅಷ್ಟು ಸಾಕಿತ್ತು ನನಗೆ. ಕಪ್ಪು ಮಾಂಸದ ಕಡಕ್‌ನಾಥ್ ಸಾಕಿ, ಒಂದು ಮೊಟ್ಟೆಗೆ ಐವತ್ತು ರೂಪಾಯಿ ಬರುತ್ತೆ ಅಂದವರೂ ಇದ್ದರು. ನಮ್ಮೂರಲ್ಲಿ ಮೊಟ್ಟೆಗೆ ಐವತ್ತು ಕೊಡುವವರು ಯಾರು ಅಂತ ಕೇಳಿದೆ. ಸುಮ್ನಾದರು.

ಹೆಬ್ಬಾಳದಿಂದ ಮರಿ ತಂದವನು ನನ್ನ ಚಿಕ್ಕಪ್ಪನ ಮಗ. ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ. ಮತ ಹಾಕಲು ಊರಿಗೆ ಬರುವವನು ಶನಿವಾರ 25 ಮರಿ ತಗೊಂಡು ರಾತ್ರಿ ಬಸ್ಸು ಹತ್ತಿದ. ನನಗೆ ನಿದ್ದೆ ಇಲ್ಲ. ರಾತ್ರಿಯಿಡೀ ನೀರಿಲ್ಲ, ಕಾಳಿಲ್ಲ, ಏನಾಗುತ್ತವೋ ಅಂತ. ಆದರೆ ಒಂದು ದಿನದ ಮರಿಗೆ ಪ್ರಯಾಣ ಕಷ್ಟವಲ್ಲವಂತೆ. ಮೊಟ್ಟೆ ಒಡೆಯುವ ಮೊದಲು ಉಳಿದ ಹಳದಿ ಲೋಳೆಯನ್ನು ಮರಿ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಎರಡು ದಿನಕ್ಕೆ ಅದೇ ಬುತ್ತಿ. ಹ್ಯಾಚರಿಗಳು ದೂರದೂರಕ್ಕೆ ಮರಿ ಕಳಿಸುವುದು ಈ ಬುತ್ತಿಯ ಧೈರ್ಯದ ಮೇಲೆ. ಬೆಳಿಗ್ಗೆ ಬಸ್ಸಿಳಿದವನು ಮೊದಲು ತೋರಿಸಿದ್ದು ಮರಿಗಳ ಲಗೇಜ್ ಟಿಕೆಟ್. “ನಂಗಿಂತ ಇವಕ್ಕೇ ಜಾಸ್ತಿ ಮರ್ಯಾದೆ” ಅಂದ.

ಈ ಸಲ ತಯಾರಿ ಇತ್ತು. ಕೋಣೆಯಲ್ಲಿ ನಾಲ್ಕಡಿ ಅಗಲದ ರಟ್ಟಿನ ವೃತ್ತ. ಮೂಲೆ ಇರಬಾರದು. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದವು ಉಸಿರುಗಟ್ಟುತ್ತವೆ. ಕೆಳಗೆ ಹೊಟ್ಟು, ಅದರ ಮೇಲೆ ಗೋಣಿತಾಟು. ಪೇಪರ್ ಹಾಸಿದರೆ ಜಾರಿ ಕಾಲು ಅಗಲವಾಗುತ್ತದೆ. ಮೊದಲು ಬೆಲ್ಲದ ನೀರು, ಒಂದೊಂದರ ಕೊಕ್ಕನ್ನೂ ಅದ್ದಿ ತೋರಿಸಬೇಕು. ಎರಡು ಗಂಟೆ ಬಿಟ್ಟು ಜೋಳದ ನುಚ್ಚು, ಆಮೇಲೆ ಮರಿಯ ಫೀಡು.

ಬಲ್ಬಿನದೇ ಒಂದು ಕತೆ. ಒಂದು ಮರಿಗೆ ಎರಡು ವ್ಯಾಟ್ ಲೆಕ್ಕ, 25 ಮರಿಗೆ ಅರವತ್ತರದ ಒಂದು ಬಲ್ಬು ಸಾಕು ಅಂದಿದ್ದರು. ಇವರು ಪೇಟೆಯಿಂದ ತಂದು ಹಾಕಿದರು. ಕೋಣೆಯೆಲ್ಲ ಬೆಳಕೋ ಬೆಳಕು. ಮರಿಗಳು ಮಾತ್ರ ಗುಂಪುಗಟ್ಟಿ ಒಂದೇ ಸಮ ಅಳುತ್ತಿವೆ. ಬಲ್ಬಿನ ಕೆಳಗೆ ಕೈ ಹಿಡಿದು ನೋಡಿದರೆ ಬಿಸಿಯೇ ಇಲ್ಲ! ಎಲ್‌ಇಡಿ ತಂದಿದ್ದರು. “ಇದೂ ಅರವತ್ತರ ಬೆಳಕೇ ಅಂದನಲ್ಲ ಅಂಗಡಿಯವನು” ಅಂತ ಇವರ ವಾದ. ಹಳೇ ತಂತಿ ಬಲ್ಬಿಗೆ ಅವತ್ತು ನಾಲ್ಕು ಅಂಗಡಿ ಸುತ್ತಿದರು. ಕೊನೆಗೆ ಸಿಕ್ಕಿದ್ದು ನಲವತ್ತರವು ಎರಡು. ಅದೇ ಒಳ್ಳೆಯದಾಯಿತು, ಒಂದು ಹೋದರೆ ಇನ್ನೊಂದಿದೆ.

ಥರ್ಮಾಮೀಟರ್ ಇಟ್ಟಿದ್ದೆ, ಎರಡು ದಿನ ಬಿಟ್ಟು ಅದನ್ನು ನೋಡುವುದೇ ಬಿಟ್ಟೆ. ಮರಿಗಳೇ ಹೇಳುತ್ತವೆ. ಬಲ್ಬಿನಡಿ ಒತ್ತೊತ್ತಾಗಿ ನಿಂತರೆ ಚಳಿ. ರಟ್ಟಿಗೆ ಅಂಟಿಕೊಂಡು ಬಾಯಿ ತೆರೆದರೆ ಸೆಕೆ. ಅಲ್ಲಲ್ಲಿ ಹರಡಿ, ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ ಅಂತ. ವಾರಕ್ಕೊಮ್ಮೆ ಬಲ್ಬನ್ನು ಸ್ವಲ್ಪ ಮೇಲೆತ್ತಿ ಮೂರು ಡಿಗ್ರಿಯಷ್ಟು ಬಿಸಿ ಕಡಿಮೆ ಮಾಡುತ್ತಾ ಬಂದೆ. ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋದ ರಾತ್ರಿಗಳಲ್ಲಿ ಅತ್ತೆ ಮಡಕೆಯಲ್ಲಿ ಕೆಂಡ ತುಂಬಿ, ಮೇಲೆ ತೂತಿನ ತಗಡು ಮುಚ್ಚಿ ನಡುವೆ ಇಟ್ಟರು. ಹೊಗೆಯಾಗದ ಹಾಗೆ ಕೆಂಡ ಪೂರ್ತಿ ಹತ್ತಿರಬೇಕು, ಕಿಟಕಿ ತೆರೆದಿರಬೇಕು. ಇದು ಅವರ ವಿದ್ಯೆ.

ಎರಡನೇ ದಿನ ಒಂದು ಸೊರಗಿದ ಮರಿ ಹೋಯಿತು. ಮೂರನೇ ದಿನ ಒಂದು ನೀರಿನ ತಟ್ಟೆಯಲ್ಲಿ ಮುಳುಗಿ ಸತ್ತಿತು. ಎರಡಿಂಚು ನೀರಿನಲ್ಲಿ! ಆಮೇಲೆ ತಟ್ಟೆಯ ತುಂಬ ಬೆಣಚುಕಲ್ಲು ಹಾಕಿದೆ. ಕಲ್ಲಿನ ಸಂದಿಯಲ್ಲಿ ಕೊಕ್ಕು ಹೋಗುತ್ತದೆ, ಮರಿ ಹೋಗುವುದಿಲ್ಲ.

ಲಸಿಕೆಯ ವಿಷಯ ಸ್ವಲ್ಪ ಹೇಳಲೇಬೇಕು. ಊರಲ್ಲಿ ಬೇಸಿಗೆಗೆ ಒಂದು ಮನೆಯ ಕೋಳಿ ಕತ್ತು ತಿರುಚಿ ಬಿತ್ತು ಅಂದರೆ ವಾರದೊಳಗೆ ಕೇರಿಯ ಕೋಳಿಯೆಲ್ಲ ಖಾಲಿ. ಕೊಕ್ಕರೆ ರೋಗ ಅದು. ಡಾಕ್ಟರುಗಳು ರಾಣಿಖೇತ್ ಅನ್ನುತ್ತಾರೆ. ಉತ್ತರಾಖಂಡದ ಗುಡ್ಡದ ಊರು ರಾಣಿಖೇತ್, ಪಾಪ, ಅದರ ಹೆಸರು ಹೀಗೆ ನಮ್ಮ ಕೇರಿಗೂ ಬಂದಿದೆ. ಬಂದ ಮೇಲೆ ಔಷಧ ಇಲ್ಲ. ಬರದ ಹಾಗೆ ಮಾಡುವುದೊಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ, ಎರಡನೇ ವಾರ ಗುಂಬೊರೊ ರೋಗದ ಹನಿ, ನಾಲ್ಕನೇ ವಾರ ಮತ್ತೆ ಮೊದಲಿನದೇ, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು. ತೊಡಕೇನೆಂದರೆ ಲಸಿಕೆಯ ಸೀಸೆ ನೂರಾರು ಕೋಳಿಯ ಲೆಕ್ಕದಲ್ಲಿ ಬರುತ್ತದೆ. ತೆರೆದು ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಐಸಿನಲ್ಲಿ ಇಡಬೇಕು. ನಮ್ಮ 23 ಮರಿಗೆ ಒಂದು ಸೀಸೆ ಒಡೆಯುವುದು ದಂಡ. ಅದಕ್ಕೇ ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು ಅಕ್ಕಪಕ್ಕದ ಆರು ಮನೆ ಸುತ್ತಿದೆ. ಕಾಗದ ಹಂಚಿ ಅಭ್ಯಾಸ ಇದೆಯಲ್ಲ. ಯಾರ ಮನೆಯಲ್ಲಿ ಎಷ್ಟು ಕೋಳಿ ಅಂತ ಅವತ್ತು ಗೊತ್ತಾಯಿತು, ಎಲ್ಲರೂ ಕಡಿಮೆ ಹೇಳಿಕೊಂಡಿದ್ದರು.

ಜೂನ್ ಮೊದಲ ವಾರ ಮರಿಗಳನ್ನು ಒಡ್ಡಿಗೆ ಸೇರಿಸಿದೆವು. ಮರಿಯ ಸಣ್ಣ ಕಾಲಿಗೆ ದಬ್ಬೆಯ ಸಂದು ದೊಡ್ಡದಾಗುತ್ತದೆ ಅಂತ ಮೊದಮೊದಲು ಮೇಲೆ ಗೋಣಿ ಹಾಸಿದ್ದೆ.

ಈಗ ಬಲೆಯ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ಕೋಳಿ ಬಲೆ ಕೊಡಿ ಅಂದರೆ ಆರುಮೂಲೆ ಕಣ್ಣಿನ ತೆಳು ತಂತಿಯ ಬಲೆ ಕೊಡುತ್ತಾರೆ. ಹೆಸರೇ ಕೋಳಿ ಬಲೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಹೊರಗಿನವರು ಒಳಗೆ ಬರದ ಹಾಗೆ ತಡೆಯುವ ಶಕ್ತಿ ಅದಕ್ಕಿಲ್ಲ. ಜೂನ್ ಕೊನೆಯ ಒಂದು ರಾತ್ರಿ, ಜೋರು ಮಳೆ. ಮಳೆಯ ಸದ್ದಿಗೆ ನಮಗೆ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಒಂದರ ತಲೆ ಇಲ್ಲ, ಇನ್ನೊಂದರ ರೆಕ್ಕೆ ಬಲೆಯಲ್ಲೇ ಸಿಕ್ಕಿದೆ, ಮೂರನೆಯದು ಪತ್ತೆ ಇಲ್ಲ. ಮೂಲೆಯಲ್ಲಿ ಬಲೆ ಹರಿದಿತ್ತು. ಪುನುಗಿನ ಬೆಕ್ಕೋ ಕಾಡುಬೆಕ್ಕೋ, ಹೆಜ್ಜೆ ಮಳೆಗೆ ತೊಳೆದುಹೋಗಿತ್ತು. ಉಳಿದ ಇಪ್ಪತ್ತು ಮೇಲಿನ ಗಳದ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು. ಮಧ್ಯಾಹ್ನದ ತನಕ ಕೆಳಗಿಳಿಯಲಿಲ್ಲ.

ಮಾರನೇ ದಿನವೇ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ ತಂದು ಪೂರ್ತಿ ಬದಲಿಸಿದೆವು. ದುಡ್ಡು ಮೂರು ಪಟ್ಟು. ಅರ್ಧ ಇಂಚು ಯಾಕೆ ಅಂದರೆ, ಕಣ್ಣು ದೊಡ್ಡದಿದ್ದರೆ ಹೊರಗಿನಿಂದ ಪಂಜ ತೂರಿಸಿ ಬಲೆಗೆ ಒರಗಿ ಮಲಗಿದ ಕೋಳಿಯ ಕತ್ತು ಹಿಡಿದೆಳೆಯುತ್ತವೆ. ತಲೆ ಇಲ್ಲದ ಕೋಳಿಯ ಗುಟ್ಟು ಇದೇ. ಬಲೆಯನ್ನು ಬರೀ ಮೊಳೆಗೆ ಸಿಕ್ಕಿಸದೆ, ಮೇಲೊಂದು ಪಟ್ಟಿ ಇಟ್ಟು ಹೊಡೆಯಬೇಕು. ಬಾಗಿಲಿಗೆ ಎರಡು ಕೊಂಡಿ, ಮೇಲೊಂದು ಕೆಳಗೊಂದು. ಕಂಬಗಳಿಗೆ ಗ್ರೀಸು, ಇರುವೆಗೆ. ಮೊದಲೇ ಈ ಬಲೆ ಹಾಕಿದ್ದರೆ ಒಡ್ಡಿಯ ಖರ್ಚು 9,800ಕ್ಕೆ ಮುಗಿಯುತ್ತಿತ್ತು. ಹಳೇ ಬಲೆ ಸೇರಿ 11,400 ಆಯಿತು. ಹಳೇ ಬಲೆ ಈಗ ಬಸಳೆ ಚಪ್ಪರಕ್ಕಿದೆ.

ಹಗಲಿನ ಕಳ್ಳರೇ ಬೇರೆ. ಮುಂಗುಸಿ, ಹದ್ದು, ಕೆಂಬೂತ. ಮರಿ ಚಿಕ್ಕದಿದ್ದಾಗ ಕಾಗೆಯನ್ನೂ ನಂಬಬಾರದು. ಬಯಲಲ್ಲಿ ಮೇಯುವಾಗ ಓಡಿಹೋಗಿ ಅಡಗಲು ಪೊದೆ ಬೇಕು, ನಮ್ಮಲ್ಲಿ ಕಾಫಿ ಗಿಡಗಳ ಸಾಲಿದೆ. ಹದ್ದಿನ ನೆರಳು ಕಂಡರೆ ಪಿಂಕಿ ಒಂದು ಬಗೆಯಲ್ಲಿ ಕೂಗುತ್ತದೆ, ನಾಯಿಗೆ ಇನ್ನೊಂದು ಬಗೆ. ಮೊದಲನೆಯದಕ್ಕೆ ಎಲ್ಲವೂ ಪೊದೆಗೆ, ಎರಡನೆಯದಕ್ಕೆ ಎಲ್ಲವೂ ಮರಕ್ಕೆ. ಕೆಲಸಕ್ಕೆ ಬಾರದ ಗಂಡು ಅಂತ ಬಣ್ಣ ಹಚ್ಚಿ ಮಾರಿದ್ದರಲ್ಲ, ಅದೇ ಹುಂಜ.

ಜುಲೈನಲ್ಲಿ ಸೂರ್ಯನನ್ನು ನೋಡಿದ ನೆನಪಿಲ್ಲ. ಆಗ ಇನ್ನೊಂದು ಪಾಠ. ಗೋಣಿ ತೆಗೆಯಲು ಸೋಮಾರಿತನ ಮಾಡಿದ್ದೆ. ಅದು ಒದ್ದೆಯಾಗಿ ಮುಗ್ಗಲು ಹಿಡಿದಿತ್ತು. ಒಂದು ಬೆಳಿಗ್ಗೆ ಹಿಕ್ಕೆಯಲ್ಲಿ ರಕ್ತ. ಎರಡು ಕೋಳಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿದ್ದವು. ರಕ್ತಭೇದಿ. ಒದ್ದೆ ಹಾಸಿನಲ್ಲೇ ಬೆಳೆಯುವ ರೋಗ ಇದು, ಹಿಕ್ಕೆಯಿಂದ ಬಾಯಿಗೆ ಹೋಗುತ್ತದೆ. ಡಾಕ್ಟರ್ ಕೊಟ್ಟ ಆಂಪ್ರೋಲಿಯಂ ಪುಡಿಯನ್ನು ಐದು ದಿನ ನೀರಿಗೆ ಕಲಸಿಟ್ಟೆ. ಆ ಎರಡು ಉಳಿಯಲಿಲ್ಲ, ಉಳಿದ ಹದಿನೆಂಟು ಉಳಿದವು. ಗೋಣಿ ಸುಟ್ಟುಹಾಕಿದೆ. ಬರೀ ದಬ್ಬೆಯ ಮೇಲೆ ಬಿಟ್ಟ ಮೇಲೆ ಆ ರೋಗ ಮತ್ತೆ ಬಂದಿಲ್ಲ.

ಹದಿನೆಂಟರಲ್ಲಿ ಹೇಂಟೆ ಹತ್ತು, ಹುಂಜ ಎಂಟು. ಗಂಡು ಹೆಣ್ಣು ಬೇರೆ ಮಾಡದ ಮರಿ ತಂದರೆ ಅರ್ಧಕ್ಕರ್ಧ ಹೀಗೇ. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಅದು ಆಗಲೇ ಇತ್ತು. ಎಂಟರಲ್ಲಿ ಐದನ್ನು ಮಾರಿದೆವು, ಮೂರನ್ನು ಬೇರೆ ಬೇರೆ ಭಾನುವಾರ ಕಡುಬಿನ ಜೊತೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅಂತ ಗಾದೆ ಇದೆ. ನಮ್ಮ ಮನೆಯಲ್ಲಿ ಮಗಳನ್ನು ಕೇಳಿ ಅರೆಯಬೇಕು. ಹೆಸರಿಟ್ಟದ್ದನ್ನು ಮುಟ್ಟುವ ಹಾಗಿಲ್ಲ. ಅವಳು ಬುದ್ಧಿವಂತೆ, ಹತ್ತೂ ಹೇಂಟೆಗೆ ಹೆಸರಿಟ್ಟಿದ್ದಾಳೆ.

ಮೊದಲ ಮೊಟ್ಟೆ ಬಂದಿದ್ದು ದೀಪಾವಳಿಯ ನೀರು ತುಂಬುವ ಹಬ್ಬದ ದಿನ. ಹೊತ್ತಿಗೆ ಸರಿಯಾಗಿ ಆರು ತಿಂಗಳು. ಅದಕ್ಕೂ ಹದಿನೈದು ದಿನ ಮುಂಚೆ ತುಂಗೆಯಿಂದ ಆರಿಸಿ ತಂದ ಬಿಳಿ ಗುಂಡುಕಲ್ಲನ್ನು ಅತ್ತೆ ಗೂಡಿನಲ್ಲಿ ಇಟ್ಟಿದ್ದರು. ಯಾರೋ ಇಟ್ಟಿದ್ದಾರೆ, ಇದು ಭದ್ರವಾದ ಜಾಗ ಅಂತ ಹೇಂಟೆಗೆ ಅನಿಸಬೇಕಂತೆ. ಆ ಕಲ್ಲಿನ ಪಕ್ಕದಲ್ಲೇ ಇಟ್ಟಿತು. ಅಂಚೆಯ ತಕ್ಕಡಿಯಲ್ಲಿ ತೂಗಿದೆ, 38 ಗ್ರಾಂ. ನಂತರದ ವಾರ ಒಂದೆರಡು ತೊಗಲು ಮೊಟ್ಟೆ ಬಂದವು, ಚಿಪ್ಪೇ ಇಲ್ಲ. ಕಪ್ಪೆಚಿಪ್ಪು ಕುಟ್ಟಿ ಬೇರೆ ಬಟ್ಟಲಲ್ಲಿ ಇಟ್ಟೆ, ಸರಿಹೋಯಿತು. ಡಿಸೆಂಬರ್‌ಗೆ ದಿನಕ್ಕೆ ಐದಾರು. ಮನೆಗೆ ಇಟ್ಟುಕೊಂಡು ಉಳಿದದ್ದು ಹನ್ನೆರಡು ರೂಪಾಯಿಗೆ ಒಂದರಂತೆ ಕಾಗದ ತಗೊಳ್ಳಲು ಬಂದವರೇ ಒಯ್ಯುತ್ತಾರೆ. ಫೀಡಿನ ಖರ್ಚು ಹುಟ್ಟುತ್ತದೆ. ಹತ್ತು ಹೇಂಟೆಗೆ ದಿನಕ್ಕೆ ಒಂದು ಕೆಜಿ ಬೇಕಾದದ್ದು, ಅರ್ಧ ತೋಟದಲ್ಲೇ ಹುಡುಕಿಕೊಳ್ಳುತ್ತವೆ. ಒಡ್ಡಿಯ ದುಡ್ಡು ಹುಟ್ಟಲು ಇನ್ನೂ ಸಮಯ ಬೇಕು.

ಒಂದು ಎಚ್ಚರಿಕೆ. ಗೂಡಿನೊಳಗೆ ನೋಡದೆ ಕೈ ಹಾಕಬೇಡಿ. ನವೆಂಬರಿನಲ್ಲಿ ಒಂದು ಸಂಜೆ ನಾಗರಹಾವು ಸುತ್ತಿಕೊಂಡು ಮಲಗಿತ್ತು, ನಡುವೆ ಹೊಟ್ಟೆ ಉಬ್ಬಿಕೊಂಡು. ಟಾರ್ಚ್ ಬಿಟ್ಟಿದ್ದೆ, ಬಚಾವಾದೆ. ಹಾವು ಹಿಡಿಯುವವರು ಬಂದು ಎತ್ತಿದಾಗ ನುಂಗಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಉಗುಳಿತು. ಮೂರು. ನಾಲ್ಕನೆಯದು ನಮ್ಮ ತುಂಗೆಯ ಕಲ್ಲು.

ಸ್ವರ್ಣಧಾರ ಕಾವು ಕೂರುವುದಿಲ್ಲ. ಅದಕ್ಕೆ ಪಕ್ಕದ ಮನೆಯಿಂದ ಕಾವಿಗೆ ಬಂದ ನಾಟಿ ಹೇಂಟೆ ಕೇಳಿ ತಂದು ಹನ್ನೆರಡು ಮೊಟ್ಟೆ ಕೂರಿಸಿದೆವು. ಅತ್ತೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಒಣಮೆಣಸು ಇಟ್ಟರು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ. ಡಿಸೆಂಬರಿನಲ್ಲಿ ಗುಡುಗು ಎಲ್ಲಿ ಬರುತ್ತೆ ಅತ್ತೆ ಅಂದೆ. “ಬರಲಿಲ್ಲ ಅಲ್ವಾ, ಅದಕ್ಕೇ” ಅಂದರು. ಇಪ್ಪತ್ತೊಂದನೇ ದಿನ ಒಂಬತ್ತು ಮರಿ. ಈ ಮರಿಗಳು ತಾಯಿಯಷ್ಟು ಮೊಟ್ಟೆ ಇಡುವುದಿಲ್ಲ, ಮಿಶ್ರತಳಿಯ ಗುಣ ಮುಂದಿನ ಪೀಳಿಗೆಗೆ ಹಾಗೇ ಇಳಿಯುವುದಿಲ್ಲ ಅಂತ ಗೊತ್ತು. ಮಗಳಿಗೆ ಅದೆಲ್ಲ ಬೇಕಾಗಿಲ್ಲ. ಎಂಟಕ್ಕೆ ಆಗಲೇ ಹೆಸರಿಟ್ಟಿದ್ದಳು.

ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೇ ಮತ್ತೆ ಬಂತು. ಜಾತ್ರೆಯಲ್ಲಿ ಅದೇ ಜಾಗ, ಅದೇ ಬಣ್ಣದ ಮರಿಗಳು. ಮಗಳು ಮುಂದೆ ಹೋಗಿ ನಿಂತು ಸೊಂಟಕ್ಕೆ ಕೈಯಿಟ್ಟು, “ಅಂಕಲ್, ಇವೆಲ್ಲ ಹುಂಜ. ನಂಗೆ ಗೊತ್ತು” ಅಂದಳು. ಸುತ್ತ ನಿಂತ ಮಕ್ಕಳೆಲ್ಲ ಅವನ ಮುಖ ನೋಡಿದರು. ಅವನಿಗೆ ಸಿಟ್ಟೇನೂ ಬರಲಿಲ್ಲ.

“ಹೇಂಟೆ ಆಗಿದ್ರೆ ಹತ್ತು ರೂಪಾಯಿಗೆ ಕೊಡ್ತಿದ್ನಾ ಪುಟ್ಟಿ?” ಅಂದ.

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, ಒಡ್ಡಿಯಲ್ಲಿ ಇನ್ನು ಎಷ್ಟು ಜಾಗ ಇದೆ ಅಂತ ಕೇಳಿದಳು.